ಊರಿಗೆ ಹೋದ ಹನ್ನೊಂದು ಕೂಸುಗಳು

ನಾನು ಒಂದು ತೂಗುತಕ್ಕಡಿ. ಕಿರಾಣಿ ಅಂಗಡಿಯಲ್ಲಿ ಎರಡು ತಟ್ಟೆ ಹೊತ್ತು ನಿಲ್ಲುವ ಜಾತಿಯವನಲ್ಲ. ನನಗೆ ದುಂಡು ಮುಖ, ಮುಖದ ಮೇಲೆ ಒಂದೇ ಮುಳ್ಳು, ಮೇಲೊಂದು ಕೊಂಡಿ, ಕೆಳಗೊಂದು ಕೊಂಡಿ. ಮೇಲಿನ ಕೊಂಡಿಯನ್ನು ತೊಲೆಗೆ ಸಿಕ್ಕಿಸಿ, ಕೆಳಗಿನದಕ್ಕೆ ಬಟ್ಟೆಯ ಜೋಳಿಗೆ ಕಟ್ಟಿ, ಅದರಲ್ಲಿ ಕೂಸನ್ನು ಕೂರಿಸುತ್ತಾರೆ. ಕಾರ್ಖಾನೆಯಲ್ಲಿ ನನ್ನ ಸ್ಪ್ರಿಂಗನ್ನು ಸುತ್ತಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿದ ಮುದುಕನೇ ಕಡೆಗೆ ಹತ್ತು ಕಿಲೋ ಕಲ್ಲು ತೂಗುಹಾಕಿ ನನ್ನನ್ನು ಪರೀಕ್ಷಿಸಿದ. ಮುಳ್ಳು ಹತ್ತರ ಗೆರೆಯ ಮೇಲೆ ನಿಂತಾಗ ಬೆನ್ನು ತಟ್ಟಿ, “ಹೋಗು, ಯಾರ ಮುಖಾನೂ ನೋಡಬೇಡ” ಎಂದ. ಅದನ್ನೇ ಗುರುಮಂತ್ರವೆಂದು ತಿಳಿದು ಹೊರಟೆ.

ಮೊದಲು ಒಬ್ಬ ದಾದಿಯ ಕೈಯಲ್ಲಿ ಆರು ವರ್ಷ ಇದ್ದೆ. ಆಕೆ ನಿವೃತ್ತಳಾದ ಮೇಲೆ ಮಕ್ಕಳ ಆಹಾರದ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಗೆ ಬಂದೆ. ಅಲ್ಲಿ ನನ್ನ ಯಜಮಾನರು ಗುರುಲಿಂಗಯ್ಯನವರು. ಅಂಕಿಯ ಮನುಷ್ಯ. ದಿನಾ ಬೆಳಿಗ್ಗೆ ನನ್ನ ಮುಳ್ಳನ್ನು ಸೊನ್ನೆಗೆ ತಂದ ಮೇಲೆಯೇ ಚಹಾ ಕುಡಿಯುತ್ತಿದ್ದರು. ಅದೇ ಸಂಸ್ಥೆಯಲ್ಲಿ ನೀಲಗಂಗಮ್ಮನವರೂ ಇದ್ದರು. ಐವತ್ತು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಚೀಲ. ಮನೆಮನೆಯಲ್ಲಿ ಕೂತು ತಾಯಂದಿರ ಮಾತು ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಅಂಕಿಯ ವರದಿ ಬೇರೆ, ಮಾತಿನ ವರದಿ ಬೇರೆ. ಎರಡೂ ಒಂದೇ ಕಪಾಟಿನಲ್ಲಿ ಇರುತ್ತಿದ್ದವು, ಒಂದರ ಮುಖ ಒಂದು ನೋಡುತ್ತಿರಲಿಲ್ಲ.

ಆ ವರ್ಷ ನಾವು ಹೋದದ್ದು ಕಂಬಳಿ ನೇಯುವವರ ಒಂದು ಓಣಿಗೆ. ಅಲ್ಲಿ ಮಕ್ಕಳಿಗೆ ಹಾಲು, ಮೊಟ್ಟೆ ಕೊಡುವ ಕೇಂದ್ರವೊಂದಿತ್ತು. ಅದನ್ನು ಅಲ್ಲೇ ಉಳಿಸಬೇಕೋ, ಬೇರೆ ಊರಿಗೆ ಒಯ್ಯಬೇಕೋ ಎಂಬುದು ನಮ್ಮ ವರದಿಯ ಮೇಲೆ ನಿಂತಿತ್ತು. ಪಟ್ಟಿಯಲ್ಲಿ ನಲವತ್ತೆರಡು ಕೂಸುಗಳು. ಬಂದವು ಮೂವತ್ತೊಂದು. ಒದ್ದವು, ಚೀರಿದವು, ಮುಳ್ಳನ್ನು ಆರರಿಂದ ಒಂಬತ್ತಕ್ಕೆ, ಒಂಬತ್ತರಿಂದ ಏಳಕ್ಕೆ ಓಡಾಡಿಸಿದವು. ಆದರೂ ತೂಕ ಚೆನ್ನಾಗಿತ್ತು. ಉಳಿದ ಹನ್ನೊಂದರ ಮುಂದೆ ಅಂಗನವಾಡಿಯ ರೇಣವ್ವ “ಊರಿಗೆ ಹೋಗಿದೆ” ಎಂದು ಬರೆಸಿದಳು. ಗುರುಲಿಂಗಯ್ಯನವರು ಆ ಹನ್ನೊಂದನ್ನು ಬಿಟ್ಟು ಲೆಕ್ಕ ಹಾಕಿದರು. ಸುತ್ತಲ ಎಂಟು ಊರಿಗಿಂತ ಆ ಓಣಿಯ ಮಕ್ಕಳೇ ಗಟ್ಟಿ ಎಂದು ಬಂತು.

“ಇಲ್ಲಿ ಕೇಂದ್ರ ಬೇಕಾಗಿಲ್ಲ” ಎಂದರು ಅವರು.

ನೀಲಗಂಗಮ್ಮನವರಿಗೆ ಅದು ಸೇರಲಿಲ್ಲ. “ಹನ್ನೊಂದು ಮನಿಯವರು ಒಮ್ಮೆಲೇ ಊರಿಗೆ ಹೋಗಾಕ ಅದೇನು ಜಾತ್ರಿ ಐತೇನ್ರೀ?” ಎಂದು ನನ್ನನ್ನು ಚೀಲಕ್ಕೆ ಹಾಕಿಕೊಂಡು ಮರುದಿನವೇ ಹೊರಟರು. ಚೀಲದೊಳಗೆ ಅವರ ಬರೆಯುವ ಪುಸ್ತಕ ನನ್ನ ಮಗ್ಗುಲಿಗೆ ತಾಗುತ್ತಿತ್ತು. ಅಷ್ಟು ಹತ್ತಿರ ಅದು ಎಂದೂ ಬಂದಿರಲಿಲ್ಲ.

ಮೊದಲ ಮನೆ ಹಾಲವ್ವನದು. ಆಕೆ ಉಣ್ಣೆ ಹಿಂಜುತ್ತ ಕೂತಿದ್ದಳು. ಊರಿಗೆ ಹೋಗಿದ್ದ ಕೂಸು ತೊಡೆಯ ಮೇಲೇ ಇತ್ತು. ಒಂದೂವರೆ ವರ್ಷದ ಹೆಣ್ಣು, ನಿಂಗವ್ವ. ಕಣ್ಣು ಮಾತ್ರ ದೊಡ್ಡವು. ನೀಲಗಂಗಮ್ಮ ಏನೂ ಕೇಳಲಿಲ್ಲ. ತಾವೂ ಒಂದು ಹಿಡಿ ಉಣ್ಣೆ ತೆಗೆದುಕೊಂಡರು.

“ಹಂಗಲ್ರೀ ಬಾಯಾರ, ನೀವು ಹಿಂಜಿದ್ರ ಕಂಬಳಿ ಅಲ್ಲ, ಹಗ್ಗ ಆಕ್ಕೈತಿ” ಎಂದು ಹಾಲವ್ವ ನಕ್ಕಳು.

“ಹಗ್ಗಾನರ ಆಗ್ಲಿ ತಗೋ, ಎಮ್ಮಿ ಕಟ್ಟಾಕ ಬರ್ತೈತಿ” ಎಂದರು ಇವರು.

ಮಾತು ಬೆಳೆಯಿತು. ನಡುವೆ ನೀಲಗಂಗಮ್ಮ ಪುಸ್ತಕ ತೆಗೆಯಲು ನನ್ನನ್ನು ಹೊರಗಿಟ್ಟರು. ಹಾಲವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಸರಿದಳು.

“ಅದನ್ನ ಒಳಗ ಇಡ್ರಿ, ನಿಮ್ಮ ಕಾಲ ಬೀಳ್ತೀನಿ. ಇದು ಬೀರದೇವರ ತಕ್ಕಡಿಗೆ ಬೇಡಿಕೊಂಡ ಕೂಸು. ಜ್ವರ ಬಿದ್ದಾಗ ಬೇಡೀನಿ, ಇದರ ತೂಕದ ಬೆಲ್ಲ ಕೊಡ್ತೀನಂತ. ಅಲ್ಲೀಮಟ ಬ್ಯಾರೆ ತಕ್ಕಡಿ ಏರಿದ್ರ ಹರಕಿ ಎಂಜಲ ಆದಂಗ.”

ಉಳಿದ ಹತ್ತು ಮನೆಗಳಲ್ಲೂ ಇದೇ ಮಾತು. ಕೂಸು ಕಾಯಿಲೆ ಬಿದ್ದರೆ ಹರಕೆ, ಹರಕೆಯಾದರೆ ತೂಕವಿಲ್ಲ. ಓಣಿಯಲ್ಲಿ ಬಡಕಲಾದ ಮಕ್ಕಳೆಲ್ಲ ದೇವರಿಗೆ ಮೀಸಲಾಗಿದ್ದರು. ನನ್ನ ಮುಂದೆ ಬಂದದ್ದು ಗಟ್ಟಿಮುಟ್ಟಾದವು ಮಾತ್ರ. ನಾನು ಹೇಳಿದ ಮೂವತ್ತೊಂದು ಅಂಕಿಯಲ್ಲಿ ಒಂದೂ ಸುಳ್ಳಿರಲಿಲ್ಲ. ಎಲ್ಲವೂ ಸೇರಿ ದೊಡ್ಡ ಸುಳ್ಳಾಗಿದ್ದವು. ಮುಖ ನೋಡಬೇಡ ಎಂದ ಮುದುಕ, ಬಾರದ ಮುಖಗಳನ್ನು ಏನು ಮಾಡಬೇಕೆಂದು ಹೇಳಿರಲಿಲ್ಲ.

ನೀಲಗಂಗಮ್ಮ ಆ ತಾಯಂದಿರ ನಂಬಿಕೆಯನ್ನು ಹಳಿಯಲಿಲ್ಲ. ಅವರೂ ಪೂಜೆಯಿಲ್ಲದೆ ನೀರು ಮುಟ್ಟದವರು. ನನ್ನನ್ನು ಒಳಗಿಟ್ಟು, ತೋಳಿನ ಸುತ್ತಳತೆ ನೋಡುವ ಪಟ್ಟಿ ತೆಗೆದರು. “ಇದು ತಕ್ಕಡಿ ಅಲ್ಲವ್ವಾ, ಬಳಿ ತೊಡಿಸಿದಂಗ” ಎಂದರು. ಹನ್ನೊಂದರಲ್ಲಿ ಒಂಬತ್ತು ಕೂಸುಗಳಿಗೆ ಪಟ್ಟಿ ಅಪಾಯದ ಕೆಂಪು ತೋರಿಸಿತು. ಒಂದು ಮೊಳ ಪ್ಲಾಸ್ಟಿಕ್ಕಿಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲ ಎಂದು ಚೀಲದೊಳಗೆ ಚಡಪಡಿಸಿದೆ.

ಸಂಸ್ಥೆಯಲ್ಲಿ ಜಗಳವಾಯಿತು.

“ಹನ್ನೊಂದು ಹೆಣ್ಮಕ್ಕಳ ಮಾತು ಅಂದ್ರ ಅಂಕಿ ಆಗೂದಿಲ್ಲ ನೀಲಗಂಗಮ್ಮಾರ. ಕಡೀ ಹಾಳಿಯೊಳಗ ಹಾಕೂಣು.”

“ಮೂವತ್ತೊಂದು ಕೂಸಿನ ತೂಕ ಅಂದ್ರ ಓಣಿ ಆಗೂದಿಲ್ರೀ ಸರ್. ಕಡೀ ಹಾಳಿ ಯಾರು ಓದ್ತಾರ?”

ಇಪ್ಪತ್ತು ದಿನ ಹೀಗೆ ಹೋಯಿತು. ಕೊನೆಗೆ ಗುರುಲಿಂಗಯ್ಯನವರೇ ತಮ್ಮ ಪಟ್ಟಿಯನ್ನು ಹರಡಿ ಕೂತು, ಬಿಟ್ಟ ಹನ್ನೊಂದು ಹೆಸರಿನ ಎದುರಿಗೆ ತೋಳಿನ ಅಳತೆಯನ್ನೂ ತಾಯಂದಿರ ಮಾತನ್ನೂ ಒಂದೇ ಸಾಲಿನಲ್ಲಿ ಬರೆದರು. ವರದಿ ಒಂದಾಯಿತು. ಕೇಂದ್ರ ಓಣಿಯಲ್ಲೇ ಉಳಿಯಿತು.

ನಿಂಗವ್ವ ಉಳಿಯಲಿಲ್ಲ. ಆಸ್ಪತ್ರೆಗೆ ಹೋಗೆಂದು ನೀಲಗಂಗಮ್ಮ ಚೀಟಿ ಕೊಟ್ಟು ಕಳಿಸಿದ್ದರು. ಹಾಲವ್ವ ಹೋಗಿಯೂ ಇದ್ದಳು. ಬಾಗಿಲಲ್ಲೇ ತಕ್ಕಡಿ ಕಂಡು ಹಾಗೆಯೇ ತಿರುಗಿ ಬಂದಿದ್ದಳು. ಎಲ್ಲ ಬರೆದುಕೊಂಡಿದ್ದ ನೀಲಗಂಗಮ್ಮನವರಿಗೆ, ಆಸ್ಪತ್ರೆಯ ಬಾಗಿಲಲ್ಲೂ ನನ್ನಂಥವನೊಬ್ಬ ಇರುತ್ತಾನೆಂಬುದು ಹೊಳೆದಿರಲಿಲ್ಲ. ಚೀಟಿ ಕೊಟ್ಟ ಎಂಟನೆಯ ದಿನ, ಜಗಳದ ನಡುವೆಯೇ, ಸುದ್ದಿ ಬಂತು. ಅವರು ಅಂದು ಪೂಜೆಗೆ ಕೂತವರು ಬಹಳ ಹೊತ್ತು ಏಳಲಿಲ್ಲ. ಶಿವನೇ, ಕೇಳುವುದು ಕಲಿತ ಕಿವಿಗೂ ಇಷ್ಟು ಕಿವುಡಿರುತ್ತದೆಯೇ!

ತಿಂಗಳ ಮೇಲೆ ನಾವು ಓಣಿಯ ಕೇಂದ್ರದಲ್ಲಿದ್ದಾಗ ಹಾಲವ್ವ ಬಂದಳು. ಕೈಯಲ್ಲಿ ಬೆಲ್ಲದ ಗಂಟು.

“ಹರಕಿ ಹಂಗ ಉಳೀಬಾರದ್ರೀ. ಕೂಸಿನ ತೂಕದ್ದು ಅಂದಿದ್ನಲ್ಲ. ಎಷ್ಟಿದ್ಲು ನಮ್ಮ ನಿಂಗವ್ವ?”

ಗುರುಲಿಂಗಯ್ಯನವರು ವಹಿ ತಿರುವಿದರು. ತೋಳಿನ ಅಳತೆ ಇತ್ತು, ಮಾತಿತ್ತು. ತೂಕದ ಮನೆ ಖಾಲಿ. “ಅಂದಾಜು ಹೇಳಬಹುದವ್ವಾ” ಎಂದರು ಮೆಲ್ಲಗೆ.

“ದೇವರಿಗೆ ಅಂದಾಜು ಕೊಡ್ಲೇನ್ರಿ?”

ನೀಲಗಂಗಮ್ಮ ಎದ್ದು ಬಂದು ಗಂಟನ್ನು ಹಾಲವ್ವನ ಸೊಂಟಕ್ಕೆ ಏರಿಸಿದರು. “ನಿನ್ನ ಬಗಲಿಗೆ ಗೊತ್ತೈತಿ. ಹೊತ್ತು ನೋಡು.”

ಹಾಲವ್ವ ಬೆಲ್ಲವನ್ನು ಕೂಸಿನಂತೆ ಬಗಲಲ್ಲಿ ಹೊತ್ತು ನಾಲ್ಕು ಹೆಜ್ಜೆ ನಡೆದಳು. “ಇದು ಭಾರಾತು. ನಮ್ಮಕಿ ಇಷ್ಟಿರಲಿಲ್ಲ.” ಒಂದು ಹೆಂಟೆ ತೆಗೆದರು. ಮತ್ತೆ ನಡೆದಳು. ಇನ್ನೊಂದು ತೆಗೆದರು. “ಹಗರಾತು. ಅರ್ಧ ಹಾಕ್ರಿ.” ಕಣ್ಣು ಮುಚ್ಚಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗಿದಳು. “ಇಷ್ಟ. ಇಷ್ಟ ಇದ್ಲು.”

ಅದನ್ನು ನನ್ನ ಜೋಳಿಗೆಯಲ್ಲಿಟ್ಟರು. ಮುಳ್ಳು ಒಮ್ಮೆಲೇ ನಿಂತಿತು. ಆರು ಕಿಲೋ ಇನ್ನೂರು ಗ್ರಾಂ. ಗುರುಲಿಂಗಯ್ಯನವರು ಖಾಲಿ ಮನೆಯಲ್ಲಿ ಅಂಕಿ ಬರೆದು, ಪಕ್ಕದಲ್ಲಿ “ತಾಯಿಯ ಬಗಲಿನ ಅಳತೆ” ಎಂದು ಸೇರಿಸಿದರು. ಅಂಥ ಸಾಲನ್ನು ಅವರು ಹಿಂದೆ ಎಂದೂ ಬರೆದಿರಲಿಲ್ಲ.

ಸೋಮವಾರ ಹಾಲವ್ವ ಬೀರದೇವರಿಗೆ ಬೆಲ್ಲ ಒಪ್ಪಿಸಿದಳು. ಪೂಜಾರಿ ಹೂವು ಏರಿಸಿ ಕೇಳಿದ. ದೇವರು ಬಲಕ್ಕೆ ಹೂವು ಕೊಟ್ಟ. ಆಕೆ ಗುಡಿಯಿಂದ ಮನೆಗೆ ಹೋಗಲಿಲ್ಲ. ಆ ಹತ್ತು ಮನೆಗಳ ಬಾಗಿಲಿಗೆ ಹೋದಳು.

“ಮಂದಿ ತಕ್ಕಡಿಯೊಳಗ ತೂಗಿದ ಬೆಲ್ಲಾನ ದೇವರು ತಗೊಂಡಾನ. ಎಂಜಲ ಅನ್ನಲಿಲ್ಲ. ಎಬ್ಬಿಸ್ರೇ ಕೂಸುಗಳನ್ನ! ನಂದು ಹೋತು, ನಿಮ್ಮವಾದ್ರೂ ಏರ್ಲಿ.”

ಮರುದಿನ ಹತ್ತೂ ಬಂದವು. ಹಾಲವ್ವನೇ ಒಂದೊಂದನ್ನೂ ಎತ್ತಿ ಜೋಳಿಗೆಗೆ ಇಳಿಸಿದಳು. ತೂಕ ತೀರ ಕಡಿಮೆಯಿದ್ದ ಏಳು ಆಸ್ಪತ್ರೆಗೆ ಹೋಗಿ, ಏಳೂ ಚೇತರಿಸಿಕೊಂಡು ತಿರುಗಿ ಬಂದವು.

ಈಗ ಗಾಜಿನ ಮುಖದ, ಬ್ಯಾಟರಿಯ ತಕ್ಕಡಿಗಳು ಬಂದಿವೆ. ನನ್ನ ಸ್ಪ್ರಿಂಗು ಸಡಿಲಾಗಿದೆ. ನೀಲಗಂಗಮ್ಮನವರು ತೀರಿಕೊಂಡ ವರ್ಷ ನನ್ನನ್ನು ಹಳೆಯ ಕುರ್ಚಿಗಳ ಜೊತೆ ಗುಜರಿಗೆ ಹಾಕಿದರು. ಗುಜರಿಯವನು ನನ್ನನ್ನು ತನ್ನ ತಕ್ಕಡಿಯ ಮೇಲೆ ಎಸೆದ. ಒಂದು ಕಿಲೋ ನೂರು ಗ್ರಾಂ. ಅಷ್ಟನ್ನೇ ಬರೆದುಕೊಂಡ. ಏನನ್ನೂ ಕೇಳಲಿಲ್ಲ.