ಗೋಡೆಗೆ ಮುಖ ಮಾಡಿದ ಟ್ರೇಲರ್

ಆ ದಿನ ಸಾಹೇಬರ ಕೈಗೆ ಬಿಳಿ ಗ್ಲೌಸು ಇರಲಿಲ್ಲ. ಅದನ್ನು ಮೊದಲು ಕಂಡವನು ಡ್ರೈವರ್. ಕಂಡೂ ಕಾಣದವನಂತೆ ಜೀಪಿನ ಬಾಗಿಲು ತೆರೆದು ನಿಂತವನೂ ಅವನೇ.

ಸಾಹೇಬರ ಷೆಡ್ಡಿನಲ್ಲಿ ಒಂದು ಕೆಂಪು ರೇಸ್ ಕಾರು ಇತ್ತು. ಉದ್ದ ಮೂಗಿನ, ಕುಳ್ಳು ಬೆನ್ನಿನ ಹಳೇ ಗಾಡಿ. ಅವರ ತಂದೆ ಅದನ್ನು ಓಡಿಸಿ ಗೆದ್ದ ಬೆಳ್ಳಿ ಬಟ್ಟಲುಗಳು ಬಂಗಲೆಯ ಗಾಜಿನ ಬೀರುವಿನಲ್ಲಿ ಸಾಲಾಗಿ ಕೂತಿದ್ದವು. ಮಗರಾಯರು ಆ ಕಾರನ್ನು ಮುಟ್ಟುತ್ತಿದ್ದುದು ಗ್ಲೌಸು ತೊಟ್ಟೇ. ಕೈಬೆವರು ತಾಕಿದರೆ ಬಣ್ಣ ಮಂಕಾಗುತ್ತದಂತೆ. ಅದಕ್ಕೇ ಕೆಲಸದವರು ಬೆನ್ನ ಹಿಂದೆ ಅವರಿಗೆ ಗ್ಲೌಸಪ್ಪ ಎಂದು ಹೆಸರಿಟ್ಟಿದ್ದರು. ಡ್ರೈವರ್ ಮಾತ್ರ ಹಾಗೆ ಕರೆದವನಲ್ಲ. ಗಾಡಿಯನ್ನು ಹಾಗೆ ಪ್ರೀತಿಸುವ ಮನುಷ್ಯ ಕೆಟ್ಟವನಾಗಿರಲು ಸಾಧ್ಯವೇ ಎಂಬುದು ಅವನ ವಾದ. ಆ ವಾದದ ಮೇಲೆ ಅವನು ತನ್ನ ಅರ್ಧ ಆಯುಷ್ಯವನ್ನು ಕಟ್ಟಿಕೊಂಡಿದ್ದ.

ದಿನ ಬೆಳಗಾದರೆ ಅವನ ಮೊದಲ ಕೆಲಸ ಕಾರಿನ ಮೂಗಿನ ಕೆಳಗಿಟ್ಟ ತಗಡಿನ ತಟ್ಟೆಯನ್ನು ನೋಡುವುದು. ಹಳೇ ಇಂಜಿನ್ನು ರಾತ್ರಿಯೆಲ್ಲ ತೊಟ್ಟಿಕ್ಕಿಸಿದ ಎಣ್ಣೆ ಅದರಲ್ಲಿ ಕಪ್ಪಗೆ ನಿಂತಿರುತ್ತಿತ್ತು. ಅದನ್ನು ಒರೆಸುತ್ತ "ಏನಮ್ಮಾ ಮುದುಕಿ, ಇವತ್ತು ಕೆಮ್ಮು ಜಾಸ್ತಿನಾ?" ಎಂದು ಕಾರನ್ನು ಮಾತಾಡಿಸುತ್ತಿದ್ದ. ಈಚೆಗೆ ತಟ್ಟೆ ಒಣಗಿತ್ತು. ಅವನು ಕೇಳದೆಯೇ ಸಾಹೇಬರು ರಜೆ ಕೊಟ್ಟು, "ಹೆಂಡತಿ ಮಕ್ಕಳನ್ನ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬಾ" ಎಂದು ಕಳಿಸಿದ್ದರು. ಅವನು ತಿರುಗಿ ಬರುವಷ್ಟರಲ್ಲಿ ಹೊರಗಿನ ಮೆಕ್ಯಾನಿಕ್ಕುಗಳು ಬಂದು ಹೋಗಿದ್ದರು. ಬಾನೆಟ್ಟಿಗೆ ತೊಗಲಿನ ಪಟ್ಟಿ ಬಿಗಿದು ಸಣ್ಣ ಬೀಗ ಹಾಕಿತ್ತು. "ಎಲ್ಲ ಸರಿಯಾಗಿದೆ. ಪ್ರದರ್ಶನ ಮುಗಿಯೋವರೆಗೆ ಸ್ಟಾರ್ಟ್ ಮಾಡಬೇಡ, ಬಾನೆಟ್ಟೂ ತೆಗೀಬೇಡ" ಎಂದಿದ್ದರು ಸಾಹೇಬರು. ಒಣಗಿದ ತಟ್ಟೆ ಕಂಡು ಡ್ರೈವರಿಗೆ ಎಲ್ಲಿಲ್ಲದ ಸಂತೋಷ. "ಮುದುಕಿಯ ಕೆಮ್ಮು ನಿಂತಿತು ಕಣೇ" ಎಂದು ಹೆಂಡತಿಗೂ ಹೇಳಿದ್ದ.

ಪ್ರದರ್ಶನ ನಡೆಯುವುದು ಬೆಟ್ಟದ ಆಚೆಯ ಪಟ್ಟಣದಲ್ಲಿ. ಕಾರನ್ನು ಅಲ್ಲಿಗೆ ಎಳೆದೊಯ್ಯಲು ಟ್ರೇಲರ್ ಬೇಕಿತ್ತು. ಅದನ್ನು ಆರಿಸಲೆಂದೇ ಇಬ್ಬರೂ ಅಂದು ಬೆಳಿಗ್ಗೆ ಟ್ರೇಲರ್ ಅಂಗಳಕ್ಕೆ ಹೊರಟದ್ದು.

ಆ ಅಂಗಳದಲ್ಲಿ ವೆಲ್ಡಿಂಗ್ ಮಾಡುವವಳು ಡ್ರೈವರನ ಸ್ವಂತ ಅಕ್ಕ. ಗಂಡ ತೀರಿಕೊಂಡ ಮೇಲೆ ಅವನ ವೆಲ್ಡಿಂಗ್ ಕನ್ನಡಕವನ್ನೇ ಏರಿಸಿಕೊಂಡು ಅವನ ಜಾಗದಲ್ಲಿ ಕೂತವಳು. ಬಾಯಿ ಜೋರು. ಕಿಡಿಯ ಸದ್ದಿನ ನಡುವೆ ಮಾತಾಡಿ ಮಾತಾಡಿ ಸುಮ್ಮನಿದ್ದಾಗಲೂ ಅವಳ ದನಿ ಮೂರು ಮನೆಗೆ ಕೇಳುತ್ತಿತ್ತು.

"ಬಾರೋ ಮಹಾರಾಯ. ನಿನ್ನ ಹೆಂಡ್ತಿಯ ಸವತಿ ಎಲ್ಲಿ, ಕೆಂಪು ಸೀರೆಯೋಳು?" ಎಂದು ತಮ್ಮನನ್ನು ರೇಗಿಸಿದವಳು ಹಿಂದೆ ಬಂದ ಸಾಹೇಬರನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳು.

ಟ್ರೇಲರ್‌ಗಳನ್ನು ಅವಳೇ ತೋರಿಸಿದಳು. ಮೊದಲನೆಯದು ನಾಲ್ಕೂ ಕಡೆ ಮುಚ್ಚಿದ್ದು, ಧೂಳು ಮಳೆ ಯಾವುದೂ ತಾಕದು. ಎರಡನೆಯದು ತೆರೆದದ್ದು. ಎರಡು ಜೊತೆ ಚಕ್ರ, ಟ್ರೇಲರಿಗೇ ಬೇರೆ ಬ್ರೇಕು. ನೋಡಲು ಕಾಡುಕೋಣದ ಹಾಗೆ.

"ಇಳಿಜಾರಲ್ಲಿ ಇದೇ ಒಳ್ಳೇದು ಸಾಹೇಬ್ರೇ. ಜೀಪಿನ ಬ್ರೇಕು ಒಂದನ್ನೇ ನಂಬ್ಕೊಂಡು ಬೆಟ್ಟ ಇಳಿಯೋಕಾಗಲ್ಲ. ಹಿಂದಿರೋದು ಮುಂದಿರೋದನ್ನ ನೂಕಿಬಿಡತ್ತೆ."

ಡ್ರೈವರ್ ಕಾಡುಕೋಣದ ಟೈರನ್ನು ಒದ್ದು ನೋಡಿ ತಲೆಯಾಡಿಸಿದ. ಸಾಹೇಬರ ಕಣ್ಣು ಅತ್ತ ಇರಲಿಲ್ಲ. ಅಂಗಳದ ತುದಿಯಲ್ಲಿ, ಕಾಂಪೌಂಡಿಗೆ ಮುಖ ಒತ್ತಿಕೊಂಡು, ತಪ್ಪು ಮಾಡಿ ಶಿಕ್ಷೆಗೆ ನಿಂತ ಮಗುವಿನಂತೆ ಒಂದು ಬಿಳಿ ಟ್ರೇಲರ್ ನಿಂತಿತ್ತು. ಒಂದೇ ಜೊತೆ ಚಕ್ರ. ಹೊಸ ಬಣ್ಣ ಫಳಫಳ ಹೊಳೆಯುತ್ತಿತ್ತು.

"ಅದು?"

ಅಕ್ಕ ವೆಲ್ಡಿಂಗ್ ಕನ್ನಡಕವನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು. ಅವಳು ಮಾತಿಗೆ ತಡವರಿಸಿದ್ದನ್ನು ತಮ್ಮ ಅದುವರೆಗೆ ಕಂಡಿರಲಿಲ್ಲ.

ಆ ಅಂಗಳದ ಕೆಲಸಗಾರರಲ್ಲಿ ಒಂದು ಪದ್ಧತಿ ಇತ್ತು. ಜೀವ ತೆಗೆದು ಬಂದ ಟ್ರೇಲರನ್ನು ಅವರು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಗಾಡಿಗೆ ಸಿಕ್ಕಿಸುವ ಮೂಕಿ ಗೋಡೆಗೆ ತಾಗಿರಬೇಕು, ಯಾರ ಕೈಗೂ ಅದು ಸುಲಭಕ್ಕೆ ಸಿಗಬಾರದು. ಮಾಲೀಕ ಅದನ್ನು ನೆಟ್ಟಗೆ ಮಾಡಿಸುತ್ತಾನೆ, ಬಣ್ಣ ಬಳಿಸುತ್ತಾನೆ, ಮಾರುತ್ತಾನೆ. ಅವನ ಕೈ ಹಿಡಿಯುವವರು ಯಾರು? ಕೆಲಸಗಾರರ ಕೈಲಾದದ್ದು ಇಷ್ಟೇ, ಅದರ ಮುಖ ತಿರುಗಿಸಿಡುವುದು.

"ಅದು ಬೇಡ ಸಾಹೇಬ್ರೇ. ವಾಪಸ್ ಬಂದಿರೋದು."

"ಯಾಕೆ ವಾಪಸ್ ಬಂತು?"

"ಎಳ್ಕೊಂಡು ಹೋದೋನು ವಾಪಸ್ ಬರ್ಲಿಲ್ಲ, ಅದಕ್ಕೆ."

ಸಾಹೇಬರು ನಕ್ಕರು. "ನೋಡಮ್ಮಾ, ಓಡಿಸೋಕೆ ಬರದವನ ತಪ್ಪಿಗೆ ಗಾಡಿ ಏನು ಮಾಡತ್ತೆ? ನಮ್ಮ ಡ್ರೈವರ್ ಹಾಗಲ್ಲ" ಎಂದು ಡ್ರೈವರನ ಬೆನ್ನು ತಟ್ಟಿದರು. "ಬಿಳೀ ಮೇಲೆ ಕೆಂಪು ಚೆನ್ನಾಗಿ ಕಾಣತ್ತೆ. ತಿರುಗಿಸಿ ಅದನ್ನ."

ಹೊಗಳಿಕೆಯ ಬಿಸಿ ಬೆನ್ನಿನಿಂದ ಎದೆಗೆ ಇಳಿಯಿತು. ಅಂಗಳದ ಮಾಲೀಕ ಕಚೇರಿಯಿಂದ ಓಡಿಬಂದು, ಪೀಡೆ ತೊಲಗಿತು ಎನ್ನುವಂತೆ ಕೈಮುಗಿದ. ಸಾಹೇಬರು ಕಾರಿನ ಅಗಲ, ಚಕ್ರದಿಂದ ಚಕ್ರಕ್ಕೆ ಅಳತೆ ಎಲ್ಲ ಹೇಳಿದರು. ಬಣ್ಣದ ಬಗ್ಗೆ ಇನ್ನಷ್ಟು ಹೇಳಿದರು. ಬ್ರೇಕಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಎಳೆಯುವ ಜೀಪಿನ ವಯಸ್ಸನ್ನು ಯಾರೂ ಕೇಳಲಿಲ್ಲ. ಜೀಪಿನೊಳಗೆ ಕೂರುವವನ ಮಾತು ಬಿಡಿ, ಅವನು ಆ ವ್ಯಾಪಾರದಲ್ಲಿ ಒಂದು ನಟ್ಟಿಗೂ ಕಡೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಯೇ ಬೆಕ್ಕಿನ ಪರ ವಕಾಲತ್ತು ಮಾಡಿತು. ಸಾಹೇಬರು ಕಚೇರಿಯೊಳಗೆ ಹೋದದ್ದೇ ತಡ, ಅಕ್ಕ ತಮ್ಮನ ತೋಳು ಹಿಡಿದು ಎಳೆದಳು.

"ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೆಯೇನೋ? ಬೇಡ ಅನ್ನೋಕೆ ಏನಾಗಿತ್ತು?"

"ಅವರಿಗೆ ಗೊತ್ತಿಲ್ವಾ ಅಕ್ಕಾ? ಆ ಕಾರು ಅವರಿಗೆ ಮಗು ಇದ್ದ ಹಾಗೆ."

"ಮಗೂನ ಯಾರಾದ್ರೂ ಮುರುಕಲು ತೊಟ್ಟಿಲಲ್ಲಿ ಮಲಗಿಸ್ತಾರೇನೋ?"

"ಅದನ್ನೇ ನಾನು ಹೇಳ್ತಿರೋದು. ಅಪಾಯ ಇದ್ರೆ ಅವರು ಆ ಕಾರನ್ನ ಅದರ ಮೇಲೆ ಹತ್ತಿಸ್ತಿದ್ರಾ? ಕಾರು ಕ್ಷೇಮವಾಗಿ ತಲುಪಿದ್ರೆ ನಾನೂ ತಲುಪಿದ ಹಾಗೇ ಅಲ್ವಾ? ಪ್ರದರ್ಶನದಲ್ಲಿ ನೀನೇ ಓಡಿಸ್ಕೊಂಡು ಹೋಗು ಅಂತ ಬೇರೆ ಹೇಳಿದ್ದಾರೆ. ಇಷ್ಟು ವರ್ಷ ಒರೆಸಿದ್ದೀನಿ, ಒಂದ್ಸಲನಾದ್ರೂ ಜನರೆದುರು ಓಡಿಸಬೇಡ್ವಾ?"

ಅಕ್ಕ ತಮ್ಮನನ್ನು ನೋಡಿದಳು. ಮಾಲೀಕರು ತಮ್ಮ ಆಸ್ತಿಯನ್ನು ಕಾಯುತ್ತಾರೆ, ಆಸ್ತಿಯ ಪಕ್ಕದಲ್ಲೇ ನಿಂತಿದ್ದರೆ ತಾವೂ ಬದುಕಿಕೊಳ್ಳುತ್ತೇವೆ. ಈ ಲೆಕ್ಕ ದುಡಿಯುವವರಿಗೆ ಮಾತ್ರ ಹೊಳೆಯುವಂಥದ್ದು, ಮೋಸ ಹೋಗುವವರೂ ಅವರೇ. ಅವಳ ಗಂಡನೂ ಇದೇ ಲೆಕ್ಕ ಹಾಕಿದ್ದ. ಈ ಅಂಗಳದ ಮಾಲೀಕ ವೆಲ್ಡಿಂಗ್ ಯಂತ್ರದ ಬೆಲೆಗಾದರೂ ಹೆದರಿ ಒಳ್ಳೆಯ ಕರೆಂಟು ತಂತಿ ಹಾಕಿಸುತ್ತಾನೆಂದು ನಂಬಿದ್ದ. ಯಂತ್ರ ಈಗಲೂ ಓಡುತ್ತಿದೆ.

"ಕೊಂಡಿ ನಾನೇ ಜೋಡಿಸ್ತೀನಿ, ನಿನ್ನ ಜೊತೆ ಷೆಡ್ಡಿಗೆ ಬರ್ತೀನಿ" ಎಂದಳು ಅಷ್ಟೇ.

ಷೆಡ್ಡಿನ ಮುಂದೆ ಮಧ್ಯಾಹ್ನದ ಬಿಸಿಲು ಬಿಳಿ ಟ್ರೇಲರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಡ್ರೈವರ್ ಅದನ್ನು ಜೀಪಿನಿಂದ ಬಿಡಿಸಿ ಕಾರಿನ ಎದುರಿಗೆ ನಿಲ್ಲಿಸಿದ. ಮೂಕಿಯ ತುದಿಯನ್ನು ಅದರ ಪುಟ್ಟ ಚಕ್ರದ ಮೇಲೆ ಊರಿ, ಟೈರುಗಳಿಗೆ ಮರದ ತುಂಡು ಕೊಟ್ಟು, ಹಲಗೆಗಳನ್ನು ಇಳಿಬಿಟ್ಟ. ಸಾಹೇಬರು ದೂರದಲ್ಲಿ ನೆರಳಿಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಬೇರೆ ದಿನವಾಗಿದ್ದರೆ ಚಕ್ರ ಬಿಗಿಯುವ ಪಟ್ಟಿಗಳಿಗೆ ಮೆತ್ತನೆ ಬಟ್ಟೆ ಸುತ್ತಿದೆಯೋ, ಹಲಗೆ ಒರೆಸಿದೆಯೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದವರು.

ಕಾರಿನ ಮುಂದಿನ ಕೊಕ್ಕೆಗೆ ಹಗ್ಗ ಸಿಕ್ಕಿಸಿ ಅಕ್ಕ ಅದನ್ನು ಸುತ್ತಿ ಎಳೆಯುವ ವಿಂಚ್ ತಿರುಗಿಸತೊಡಗಿದಳು. ಡ್ರೈವರ್ ಹೊರಗಿನಿಂದಲೇ ಸ್ಟೀರಿಂಗ್ ಹಿಡಿದು ಜೊತೆಗೆ ನಡೆದ. ಕಾರು ಹಲಗೆ ಏರಿತು. ಬೆವರು ಕಿತ್ತು ಬರಬೇಕಾದ ಕೆಲಸ, ಅಕ್ಕ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದಳು.

"ಏನೋ ಇದು, ನಿನ್ನ ಮುದುಕಿ ಉಪವಾಸ ಬಿದ್ದಿದ್ದಾಳಾ?"

ತಮಾಷೆ ಎಂದು ಅವನು ನಗಲು ಹೋದ. ನಗು ಬಾಯಿಗೆ ಬರುವ ಮೊದಲೇ ನಿಂತಿತು. ಹಲಗೆ ಏರುವಾಗ ಮೂಗು ಬಗ್ಗಿಸಿ, ಮುಂದಿನ ಸ್ಪ್ರಿಂಗುಗಳ ಮೇಲೆ ನರಳಿಕೊಂಡು ಏರುತ್ತಿದ್ದ ಕಾರು ಇವತ್ತು ಮೂಗು ಮೇಲೆತ್ತಿಕೊಂಡೇ ಇತ್ತು.

ಮಾಮೂಲಿ ಜಾಗದಲ್ಲೇ ಕಾರನ್ನು ನಿಲ್ಲಿಸಿ ನಾಲ್ಕೂ ಚಕ್ರ ಬಿಗಿದರು. ಜೀಪಿಗೆ ಸಿಕ್ಕಿಸುವ ಮುನ್ನ ಮೂಕಿಯನ್ನು ಕೈಯಿಂದ ಎತ್ತಿ ನೋಡುವುದು ಅಕ್ಕನ ರೂಢಿ. ಎತ್ತಿನ ಗಾಡಿಗೆ ಮುಂಭಾರ ಎಷ್ಟಿರಬೇಕೋ ಟ್ರೇಲರಿಗೂ ಅಷ್ಟು ಮುಂಭಾರ ಇರಬೇಕು, ಒಂದು ಕೈಗೆ ಮೇಲೇಳಬಾರದು. ಹಿಂಭಾರವಾದರೆ ಟ್ರೇಲರ್ ಬಾಲ ಆಡಿಸುತ್ತದೆ. ಇಳಿಜಾರಿನಲ್ಲಿ ಆ ಬಾಲ ತಲೆಯನ್ನೇ ಹಿಡಿದು ಒದರಿ ಎಸೆಯುತ್ತದೆ.

ಅವಳು ಬಗ್ಗಿ, ಒಂದೇ ಕೈ ಹಾಕಿದಳು. ಮೂಕಿ ಹೂವಿನ ಬುಟ್ಟಿಯ ಹಾಗೆ ಮೇಲೆದ್ದು ಬಂತು.

ಅವಳು ಅದನ್ನು ಮೆಲ್ಲಗೆ ಇಳಿಸಿದಳು. ಡ್ರೈವರ್ ತಿರುಗಿ ಷೆಡ್ಡಿನೊಳಗೆ ನೋಡಿದ. ಕಾರು ನಿಂತಿದ್ದ ಜಾಗದಲ್ಲಿ ತಗಡಿನ ತಟ್ಟೆ ಒಣಗಿಕೊಂಡು, ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಬೀಗ ಹಾಕಿದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ. ಖಾಲಿ ಡಬ್ಬಿಯ ಸದ್ದು.

"ಇಂಜಿನ್ ಇಲ್ಲ" ಎಂದ. "ಅಕ್ಕಾ, ಇದರಲ್ಲಿ ಇಂಜಿನ್ನೇ ಇಲ್ಲ. ನನ್ನನ್ನ ರಜಾ ಅಂತ ಕಳಿಸಿ ಬಿಚ್ಕೊಂಡಿದ್ದಾರೆ."

ಅಕ್ಕನ ದನಿ ಮೊದಲ ಬಾರಿಗೆ ಇಳಿಯಿತು. "ಬೆಟ್ಟದ ತಿರುವಿನ ಕೆಳಗೆ ಏನಿದೆಯೋ?"

"ಹೊಳೆ."

"ಇಂಜಿನ್ನು ಆಗಲೇ ಯಾರ ಮನೆ ಸೇರಿದೆಯೋ. ಇನ್ನು ಈ ಡಬ್ಬಿ ಹೊಳೆಗೆ ಬಿದ್ರೆ ಮುಗೀತು, ಇಂಜಿನ್ನೂ ನೀರು ಪಾಲಾಯ್ತು ಅಂತ ಬರೀತಾರೆ. ಪೂರಾ ಕಾರಿಗೆ ವಿಮೆ ಬರತ್ತೆ. ಕಾರು ಬೀಳಬೇಕು ಅಂದ್ರೆ ಎಳೆಯೋನು ಬೇಕಲ್ಲ? ಅದಕ್ಕೆ ನೀನು. ನಂಬಿಕಸ್ಥ. ಹೇಳಿದ ಕಡೆ ಹೋಗೋನು."

ನಂಬಿಕಸ್ಥ. ಆ ಮಾತನ್ನು ಸಾಹೇಬರ ಬಾಯಿಂದ ಕೇಳಿದಾಗಲೆಲ್ಲ ಅವನು ಅದನ್ನು ಮನೆಗೆ ಒಯ್ದು ಹೆಂಡತಿ ಮಕ್ಕಳಿಗೆ ಹಂಚಿದ್ದ.

ಸಾಹೇಬರು ಫೋನು ಕಿಸೆಗಿಟ್ಟು ಬಂದರು. "ಆಯ್ತಾ? ಬೆಳಕಿರೋವಾಗಲೇ ಬೆಟ್ಟ ದಾಟು. ಹಳೇ ದಾರೀಲಿ ಹೋಗು, ಅಲ್ಲಿ ವಾಹನ ಕಮ್ಮಿ." ಹೇಳುತ್ತ ಬಾನೆಟ್ಟಿನ ಮೇಲೆ ಬರಿಗೈಯಿಂದ, ಸಂತೆಯಲ್ಲಿ ಮಾರಿಬಿಟ್ಟ ದನದ ಬೆನ್ನು ತಟ್ಟುವಂತೆ, ಎರಡು ಸಲ ತಟ್ಟಿದರು. ಕೆಂಪು ಬಣ್ಣದ ಮೇಲೆ ಬೆವರಿನ ಕೈ ಅಚ್ಚಾಗಿ ಉಳಿಯಿತು. ಅವರು ಅದನ್ನು ಒರೆಸಲಿಲ್ಲ.

ಡ್ರೈವರ್ ಆ ಕೈಗುರುತನ್ನೇ ನೋಡುತ್ತ ನಿಂತ. ಆಮೇಲೆ ಜೀಪಿನ ಹತ್ತಿರ ಹೋಗಿ, ತನ್ನ ಪಕ್ಕದ ಸೀಟಿನ ಬಾಗಿಲು ತೆರೆದು ಹಿಡಿದ.

"ನೀವೂ ಬನ್ನಿ ಸಾಹೇಬ್ರೇ."

"ನಾನಾ? ನಾನು ಹೊಸ ರಸ್ತೇಲಿ ಬರ್ತೀನಿ, ಬೇರೆ ಕೆಲಸ ಇದೆ."

"ನಿಮ್ಮ ತಂದೆಯವರ ಕಾರು. ಒಬ್ಬಳನ್ನೇ ಕಳಿಸಬಾರದು. ಬನ್ನಿ, ನಿಧಾನಕ್ಕೆ ಓಡಿಸ್ತೀನಿ."

"ಹೇಳಿದ್ದು ಕೇಳಿಸ್ತಲ್ಲ?"

"ಕೇಳಿಸ್ತು. ನೀವು ಕೂತ್ರೆ ನಾನು ಕೂರ್ತೀನಿ."

ಬಾಗಿಲು ತೆರೆದೇ ಇತ್ತು. ಸಾಹೇಬರು ಅದರ ಕಡೆ ನೋಡಿದರು, ಮೂಕಿಯ ಕಡೆ ನೋಡಿದರು, ಅದರ ಪಕ್ಕ ಸುತ್ತಿಗೆ ಹಿಡಿದು ನಿಂತಿದ್ದ ಅಕ್ಕನ ಕಡೆ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಅದೇ ಡ್ರೈವರಿಗೆ ಹೆಚ್ಚು ಭಯ ಹುಟ್ಟಿಸಿತು. ಸಿಕ್ಕಿಬಿದ್ದ ಕಳ್ಳ ಬೆವರುತ್ತಾನೆ. ಈ ಮನುಷ್ಯ ಸೆಖೆಗೆ ಮಾತ್ರ ಬೆವರುತ್ತಿದ್ದ.

"ಬೀಗದ ಕೈ ಕೊಡು" ಎಂದರು ಶಾಂತವಾಗಿ. "ನಾಳೆಯಿಂದ ಬರೋದು ಬೇಡ. ಊರಲ್ಲಿ ನೀನೊಬ್ಬನೇ ಡ್ರೈವರ್ ಅಂದ್ಕೊಂಡಿದ್ದೀಯಾ?"

ಅವರು ಮತ್ತೆ ಫೋನು ತೆಗೆದರು. ಎರಡು ಮಾತು ಅಷ್ಟೇ.

ಡ್ರೈವರ್ ಬೀಗದ ಕೈಯನ್ನು ಜೀಪಿನ ಸೀಟಿನ ಮೇಲೆ ಇಟ್ಟ. ಮನೆಗೆ ಹೋಗಬಹುದಿತ್ತು. ಕಾಲುಗಳು ಗೇಟಿನ ಕಡೆ ತಿರುಗಿದ್ದವು ಕೂಡ. ತಾನು ಉಳಿದೆ ಎಂಬ ಹಗುರ ಮೈಯನ್ನು ತುಂಬುತ್ತಿತ್ತು. ಆ ಹಗುರದ ಬಗ್ಗೆ ಅವನಿಗೇ ಹೇಸಿಗೆಯಾಯಿತು. ಅವನು ಬಿಟ್ಟ ಸೀಟು ಖಾಲಿ ಉಳಿಯುವುದಿಲ್ಲ. ಅದರಲ್ಲಿ ಕೂರುವವನಿಗೂ ಯಾರೋ ಬೆನ್ನು ತಟ್ಟಿ ನಂಬಿಕಸ್ಥ ಎನ್ನುತ್ತಾರೆ.

ಅವನು ಹಿಂತಿರುಗಿ ಬಂದು ಅಕ್ಕನ ಪಕ್ಕ, ಮೂಕಿಯ ಆಚೆ ಬದಿಗೆ ನಿಂತ.

"ಹೋಗಲ್ವಾ?" ಎಂದಳು ಅಕ್ಕ.

"ನೀನು?"

"ನನ್ನ ಕೆಲಸ ಮುಗೀಲಿಲ್ಲ. ಕೊಂಡಿ ಇನ್ನೂ ಹಾಕಿಲ್ಲ ನೋಡು."

ಬಿಸಿಲು ಇಳಿಯುವ ಹೊತ್ತಿಗೆ ಗೇಟಿನಲ್ಲಿ ಸೈಕಲ್ಲು ನಿಲ್ಲಿಸಿದ ಸದ್ದಾಯಿತು. ಸಿಳ್ಳೆ ಹಾಕಿಕೊಂಡು ಒಬ್ಬ ಒಳಗೆ ಬಂದ. ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಹೊಸ ಕೆಲಸ ಸಿಕ್ಕವನ ನಡಿಗೆ. ಸಾಹೇಬರಿಗೆ ನಮಸ್ಕಾರ ಮಾಡಿ, ಕೆಂಪು ಕಾರನ್ನು ಕಂಡು ಕಣ್ಣರಳಿಸಿದ.

"ಯಾವ ದಾರಿ ಸಾರ್?"

"ಹಳೇ ದಾರಿ. ಇವರ ಮಾತು ಕೇಳಬೇಡ, ಕೆಲಸ ಹೋದವರು ಏನೇನೋ ಹೇಳ್ತಾರೆ" ಎಂದರು ಸಾಹೇಬರು.

"ನಿಜ, ನಮ್ಮ ಮಾತು ಕೇಳಬೇಡಪ್ಪ" ಎಂದ ಡ್ರೈವರ್. "ನೀನೂ ಎಳೆಯೋನೇ ತಾನೇ? ಹೊರಡೋಕೆ ಮುಂಚೆ ಇದನ್ನ ಒಂದ್ಸಲ ಎತ್ತಿ ನೋಡು. ಒಂದೇ ಕೈ ಸಾಕು."

ಬಂದವನು ಸಾಹೇಬರ ಮುಖ ನೋಡಿದ. "ಟೈಮ್ ಆಯ್ತು" ಎಂದರು ಅವರು. ದನಿ ಈಗ ಒಂದು ಎಳೆ ಏರಿತ್ತು. ಬಹುಶಃ ಆ ಒಂದು ಎಳೆಯೇ ಬಂದವನನ್ನು ತಡೆದು ನಿಲ್ಲಿಸಿತು. ಅವನು ಮತ್ತೆ ಸಿಳ್ಳೆ ಶುರು ಮಾಡಿ, ಇದರಲ್ಲೇನಿದೆ ಎನ್ನುವ ಹಾಗೆ ಬಗ್ಗಿ, ಮೂಕಿಗೆ ಕೈ ಹಾಕಿದ.

ಮೂಕಿ ಮೇಲೆದ್ದು ಬಂತು. ಸಿಳ್ಳೆ ನಿಂತಿತು.