ಮೇಲಿನ ಹಲ್ಲಿನ ಹಿಂಬದಿ

ನಾನು ಒಂದು ಪುಟ್ಟ ಕನ್ನಡಿ. ಉಕ್ಕಿನ ಹಿಡಿಕೆಯ ತುದಿಯಲ್ಲಿ ಕೂತಿರುವ, ಹಳೆಯ ಎಂಟಾಣೆಯಷ್ಟಗಲದ ಕನ್ನಡಿ. ಹಲ್ಲಿನ ವೈದ್ಯರು ಬಾಯೊಳಗೆ ಇಳಿಸುವುದು ನನ್ನನ್ನೇ. ಕಾರ್ಖಾನೆಯಲ್ಲಿ ನನ್ನನ್ನು ಉಜ್ಜಿ, ಒರೆಸಿ, ಕಾಗದದಲ್ಲಿ ಸುತ್ತಿ ಕಳಿಸಿದರು.

ಮೊದಲು ಸೇರಿದ್ದು ಶಕೀಲಾ ನದಾಫ್ ಎಂಬ ವಿದ್ಯಾರ್ಥಿನಿಯ ಕೈಗೆ. ಆಗ ಅವಳ ಕೈ ಇನ್ನೂ ಪಳಗಿರಲಿಲ್ಲ. ನಾನು ರೋಗಿಗಳ ಹಲ್ಲಿಗೆ ಟಣ್ಣೆಂದು ತಾಗುತ್ತಿದ್ದೆ. ಆಮೇಲೆ ಅವಳು ಡಾಕ್ಟರಾಗಿ ಬಾಗಲಕೋಟೆ ಕಡೆ ದವಾಖಾನೆ ತೆರೆದಳು. ಆ ಟಣ್ಣೆನ್ನುವುದು ನಿಂತಿತು.

ಒಂದು ಬೇಸಿಗೆಯಲ್ಲಿ ಶಹನಾಯಿ ನುಡಿಸುವ ಯಮನಪ್ಪ ಭಜಂತ್ರಿ ಹೆಂಡತಿ ರೇಣವ್ವನೊಂದಿಗೆ ಬಂದ. ಮದುವೆಯ ಹಂಗಾಮು. ಕುರ್ಚಿಯಲ್ಲಿ ಒರಗಿದವನೇ, "ಮುಂದಿನ ನಾಕೂ ಕಿತ್ತಬಿಡ್ರಿ. ತಣ್ಣೀರು ತಾಗಿದ್ರ ಜೀವ ಹೋದಂಗ ಆಗತೈತಿ" ಎಂದ.

"ಕಿತ್ತಮ್ಯಾಲ ಶಹನಾಯಿ ಹೆಂಗ ಊದತೀರಿ?" ಶಕೀಲಾ ಕೇಳಿದಳು.

"ಬಿಟ್ಟಬಿಡತೀನ್ರಿ."

ರೇಣವ್ವ ಬಾಗಿಲ ಬಳಿಯಿಂದಲೇ ಹೇಳಿದಳು: "ಊದೂದಲ್ರಿ, ಕುಡಿಯೂದು ಬಿಡ್ಲಿ. ದಿನಾ ಮುಂಜಾನೆ ಬಾಯಾಗ ಹುಳಿ ವಾಸನಿ."

"ನಾ ಒಂದು ಹನಿನೂ ಮುಟ್ಟಿಲ್ಲ" ಎಂದ ಯಮನಪ್ಪ. ಮನೆಯಲ್ಲಿ ಹೇಳಿ ಹೇಳಿ ಸವೆದ ಮಾತು, ದನಿಯಲ್ಲಿ ಕಸುವಿರಲಿಲ್ಲ.

ಶಕೀಲಾ ನನ್ನನ್ನು ಅವನ ಬಾಯೊಳಗೆ ಇಳಿಸಿದಳು. ಎದುರಿನಿಂದ ಹಲ್ಲುಗಳು ಸ್ವಚ್ಛವಾಗಿದ್ದವು. ಮೇಲಿನ ಹಲ್ಲುಗಳ ಹಿಂಬದಿ ಮಾತ್ರ ಬಟ್ಟೆ ಒಗೆಯುವ ಕಲ್ಲಿನಂತೆ ನುಣ್ಣಗೆ ಸವೆದು, ಒಳಗಿನ ಹಳದಿ ಕಾಣುತ್ತಿತ್ತು. ದವಡೆಯ ಹಲ್ಲೊಂದಕ್ಕೆ ಹಿಂದೆ ತುಂಬಿಸಿದ್ದ ಸಿಮೆಂಟು ದಿಬ್ಬದಂತೆ ಎದ್ದು ನಿಂತಿತ್ತು. ಸುತ್ತಲಿನ ಹಲ್ಲೇ ಕರಗಿ ತಗ್ಗಾಗಿತ್ತು. ಒಸಡು ಕೆಂಪಗೆ ಊದಿ, ಹಿಂದೆ ಸರಿದಿತ್ತು.

"ಉಂಡು ಮಲಗಿದ್ರ ಎದಿ ಉರೀತೈತೇನ್ರಿ? ಗಂಟಲಿಗೆ ಹುಳಿನೀರು ಬರತೈತಿ?"

ಯಮನಪ್ಪ ಹೌದೆಂದು ತಲೆಯಾಡಿಸಿದ. ಮದುವೆ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಬಾಜಾದವರ ಪಂಕ್ತಿ. ಹೊತ್ತು ಮೀರಿ ಉಂಡು, ಅಲ್ಲೇ ಚಾಪೆಯ ಮೇಲೆ ಉರುಳುವುದು ಅವನ ರೂಢಿ.

"ಹೊಟ್ಟಿ ಆಮ್ಲ ಮ್ಯಾಲ ಬಂದು ಹಲ್ಲು ಕರಗಿಸೈತಿ. ಒಸಡಿಗೂ ಅದು ಒಳ್ಳೇದಲ್ಲ" ಎಂದಳು ಶಕೀಲಾ.

"ಹಂಗಾದ್ರ ಕುಡಿಯೂದಿಲ್ಲೇನ್ರಿ ಇವ್ರು?" ರೇಣವ್ವ ಕೇಳಿದಳು.

"ಅದನ್ನ ಹಲ್ಲು ಹೇಳೂದಿಲ್ಲವ್ವಾ. ಈ ಬ್ಯಾನಿ ಕುಡಿಯೋರಿಗೂ ಬರತೈತಿ, ಕುಡೀದವರಿಗೂ ಬರತೈತಿ. ಹುಳಿ ವಾಸನಿಗೆ ಹೊಟ್ಟಿನೂ ಕಾರಣ ಆಗಬಹುದು, ಅಷ್ಟು ಹೇಳಬಲ್ಲೆ. ಉಳಿದದ್ದು ನಿಮ್ಮ ನಂಬಿಕಿ."

ಶಕೀಲಾ ಅವಳನ್ನು ಹತ್ತಿರ ಕರೆದು, ಸವೆದ ಹಿಂಬದಿಯನ್ನು ನನ್ನಲ್ಲಿ ತೋರಿಸಿದಳು. ರೇಣವ್ವನ ಕಣ್ಣು ನನ್ನ ಮೇಲೆ ಬಹಳ ಹೊತ್ತು ನಿಂತಿತು.

"ನಡುರಾತ್ರಿ ಎದ್ದು ಹಲ್ಲು ತಿಕ್ಕತಿದ್ರು" ಎಂದಳು ಮೆಲ್ಲಗೆ. "ವಾಸನಿ ಮುಚ್ಚಾಕಂತ ತಿಳಕೊಂಡಿದ್ದೆ."

"ಬಾಯಾಗಿನ ಹುಳಿ ತಡಕೊಳ್ಳಾಕ ಆಗತಿರಲಿಲ್ಲ" ಎಂದ ಯಮನಪ್ಪ.

"ಹುಳಿ ಬಂದ ಕೂಡ್ಲೆ ತಿಕ್ಕಬ್ಯಾಡ್ರಿ. ಆವಾಗ ಹಲ್ಲು ಮೆತ್ತಗಾಗಿರತೈತಿ, ತಿಕ್ಕಿದಷ್ಟೂ ಸವೀತೈತಿ. ಬರೇ ನೀರು ಮುಕ್ಕಳಿಸಿ ಅರ್ಧ ತಾಸು ತಡೀರಿ" ಎಂದು ಹೇಳಿ ಶಕೀಲಾ ಹೊಟ್ಟೆಯ ಡಾಕ್ಟರ ಬಳಿಗೂ ಅವನನ್ನು ಕಳಿಸಿದಳು.

ಔಷಧದಿಂದ ಎದೆಯುರಿ ತಗ್ಗಿತು. ಕರಗಿದ ಹಲ್ಲು ಮತ್ತೆ ಬೆಳೆಯುವಂಥದಲ್ಲ. ಮುಂದಿನ ನಾಲ್ಕನ್ನೂ ಕೀಳದೆ, ಮೂರಕ್ಕೆ ಶಕೀಲಾ ಹೊದಿಕೆ ಹಾಕಿದಳು, ಒಳಗಿನ ನರ ಸತ್ತಿದ್ದ ಒಂದಕ್ಕೆ ಬೇರಿನ ಚಿಕಿತ್ಸೆ ಮಾಡಿದಳು. ಸ್ವಚ್ಛ ಮಾಡಿದ ಮೇಲೆ ಒಸಡಿನ ರಕ್ತ ನಿಂತಿತು. ಮದುವೆಗೆ ಹೊರಡುವಾಗ ರೇಣವ್ವ ರೊಟ್ಟಿ ಬುತ್ತಿ ಕಟ್ಟಿಕೊಡುತ್ತಾಳಂತೆ, ಹೊತ್ತಿಗೆ ಸರಿಯಾಗಿ ಉಣ್ಣಲಿ ಎಂದು. ಯಮನಪ್ಪ ಈಗಲೂ ಊದುತ್ತಾನೆ. ಬಹಳ ಎತ್ತರದ ಸ್ವರಕ್ಕೆ ಮಾತ್ರ ತುಟಿ ಅಳುಕುತ್ತದೆ ಎಂದು ಅವನೇ ಹೇಳಿದ.

ವರ್ಷಗಟ್ಟಲೆ ಬಿಸಿ ಹಬೆಯಲ್ಲಿ ಬೆಂದು ನನ್ನ ಮೈಮೇಲೆ ಕಲೆಗಳು ಎದ್ದಿವೆ. ಈಗ ಮೊಂಡಾದ ಸಲಕರಣೆಗಳ ಜೊತೆ ಮೇಜಿನ ಖಾನೆಯಲ್ಲಿ ಮಲಗಿದ್ದೇನೆ. ಬಾಯೊಳಗಿನದನ್ನು ಕಂಡಷ್ಟು ತೋರಿಸಿದ್ದೇನೆ. ಆ ದಿನ ಮನೆಗೆ ಹೋಗುವ ದಾರಿಯಲ್ಲಿ ರೇಣವ್ವ ಗಂಡನಿಗೆ ಏನು ಹೇಳಿದಳೋ, ಅದು ನನಗೆ ಗೊತ್ತಿಲ್ಲ.