ಒಂದೇ ಅಳತೆಯ ಪಟ್ಟಿ

ನಮ್ಮ ಅಧ್ಯಯನದ ಹೆಸರು ಎರಡು ಸಾಲು ಉದ್ದವಿತ್ತು. ಅದರಲ್ಲಿ ‘ಆರೋಗ್ಯ ಸಮಾನತೆ’ ಎಂಬ ಮಾತು ಎರಡು ಸಲ ಬರುತ್ತಿತ್ತು, ಒಂದು ಸಲ ಹೇಳಿದರೆ ಬಡವರಿಗೆ ಕೇಳಿಸುವುದಿಲ್ಲವೇನೋ ಎಂಬಂತೆ. ನಾನು ಮತ್ತು ನನ್ನ ಸಹಪಾಠಿ ಪಂಡಿತ ಅದರ ಸಂಶೋಧನಾ ಸಹಾಯಕರು. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅವನಿಗೆ ಆ ಹೆಸರು. ಗೋದಾಮಿನ ಹಿಂದಿನ ಹಮಾಲರ ಬೀದಿಯಲ್ಲಿ ಮನೆಮನೆಗೆ ಹೋಗಿ ಅರವತ್ತನಾಲ್ಕು ಪ್ರಶ್ನೆ ಕೇಳುವುದು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವುದು, ಅದನ್ನು ಚೀಟಿಯಲ್ಲಿ ಬರೆದುಕೊಡುವುದು, ಜಾಸ್ತಿ ಇದ್ದವರಿಗೆ ಉಪ್ಪು ಬಿಡಿ ಎಂದು ಹೇಳುವುದು ನಮ್ಮ ಕೆಲಸ.

ನೂರ ಹನ್ನೆರಡು ಜನರನ್ನು ನೋಡಿದೆವು. ಎಪ್ಪತ್ತೊಂದು ಜನರಿಗೆ ಬಿಪಿ ಜಾಸ್ತಿ! ಅಧ್ಯಯನ ನಡೆಸುತ್ತಿದ್ದ ನಮ್ಮ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಪರರ ಕಾಯಿಲೆ ಕಂಡು ಅಷ್ಟು ಹಿಗ್ಗಿದವರನ್ನು ನಾನು ನೋಡಿಲ್ಲ. ಆದರೆ ಗಟ್ಟಿಗಿತ್ತಿ. ಅದೇ ಅಂಕಿ ಹಿಡಿದು ಆರೋಗ್ಯ ಇಲಾಖೆಯ ಮೆಟ್ಟಿಲು ಸವೆಸಿ, ಪ್ರತಿ ಮಂಗಳವಾರ ಡಾಕ್ಟರು, ನರ್ಸು ಇರುವ ವ್ಯಾನು ಆ ಬೀದಿಗೆ ಬರುವಂತೆ ಮಾಡಿದರು. ವ್ಯಾನಿಗೆ ನಮ್ಮಂಥದೇ ಬಿಪಿ ಮಿಷನ್ನನ್ನೂ ಕೊಡಿಸಿದರು. ಊರು ಉದ್ಧಾರವಾಯಿತೆಂದು ನಾವೂ ಬೀಗಿದೆವು.

ಎರಡು ತಿಂಗಳಾದ ಮೇಲೆ ಒಬ್ಬ ಹೆಂಗಸು ಮೂರು ಮಹಡಿ ಹತ್ತಿ ಕಾಲೇಜಿನ ನಮ್ಮ ವಿಭಾಗಕ್ಕೆ ಬಂದಳು. ‘ಡಬ್ಬಲ್ ಮೂಟೆ’ಯ ಹೆಂಡತಿ. ಉಳಿದವರು ಒಂದು ಮೂಟೆ ಹೊರುವಲ್ಲಿ ಅವನು ಎರಡು ಹೊರುತ್ತಿದ್ದ. ಅವಳು ಚೀಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

“ಏನಮ್ಮಾ, ನಮ್ಮೆಜಮಾನ್ರಿಗೆ ಇದನ್ನ ಬರ್ಕೊಟ್ಟೋರು ನೀವೇನಾ?”

ನೂರ ಅರವತ್ತೆಂಟು, ನೂರ ನಾಲ್ಕು. ನನ್ನದೇ ಅಕ್ಷರ.

“ಹೌದಕ್ಕ.”

“ಇದು ಮೇಸ್ತ್ರಿ ಕಣ್ಣಿಗೆ ಬಿತ್ತು. ಮೂಟೆ ಹೊತ್ಕೊಂಡು ಇಲ್ಲೇ ಬಿದ್ದು ಸತ್ರೆ ನನ್ನ ತಲೆಗೆ ಬರುತ್ತೆ ಅಂತ ಗೇಟಿಂದ ಒಳಗೇ ಬಿಡ್ತಿಲ್ಲ. ಮೂರು ವಾರ ಆಯ್ತು. ಹೊರೋಕೆ ಏನೂ ಇಲ್ದೆ ಮನೇಲಿರೋ ಬೀರು ಎತ್ತಿ ಎತ್ತಿ ಇಡ್ತಾರೆ. ನಾಲ್ಕು ಗೋಡೆನೂ ಸುತ್ಕೊಂಡು ಬಂತು ಆ ಬೀರು. ನನಗೇನಾಗಿದೆ ಅಂತ ಮಾತ್ರೆ ಮೂಸಿನೂ ನೋಡಲ್ಲ.”

ಅವತ್ತೇ ಪಂಡಿತನನ್ನು ಎಳೆದುಕೊಂಡು ಅವರ ಮನೆಗೆ ಹೋದೆ. ಡಬ್ಬಲ್ ಮೂಟೆ ಗೋಡೆಗೆ ಒರಗಿ ಕೂತು ತೋಳು ಚಾಚಿದ. ಪಟ್ಟಿ ಸುತ್ತಿ ಗಾಳಿ ತುಂಬಿದೆ. ಅದು ಚರ್ ಎಂದು ಬಿಚ್ಚಿಕೊಂಡಿತು.

“ಅವತ್ತೂ ಹೀಗೇ ಆಯ್ತಲ್ಲಮ್ಮ,” ಎಂದ ಅವನು, ನನ್ನನ್ನು ಸಮಾಧಾನ ಮಾಡುವವನಂತೆ. “ಆಗ ನೀವು ಎರಡೂ ಕೈಲಿ ಅಮುಕಿ ಹಿಡ್ಕೊಂಡಿದ್ರಿ.”

ಪಂಡಿತನ ಕಡೆ ತಿರುಗಿದೆ. ಅವನು ತರಬೇತಿಯ ಕೈಪಿಡಿ ತಿರುವುತ್ತಿದ್ದ. ಒಂಬತ್ತನೇ ಪುಟದಲ್ಲಿ ಸ್ಪಷ್ಟವಾಗಿತ್ತು: ದಪ್ಪ ತೋಳಿಗೆ ದೊಡ್ಡ ಪಟ್ಟಿ ಬಳಸಬೇಕು, ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ತರಬೇತಿಯ ದಿನ ಆರನೇ ಪುಟದಲ್ಲಿದ್ದಾಗ ಟೀ ಬಂದಿತ್ತು. ಆಮೇಲೆ ನಾವು ಒಬ್ಬರ ಕಡ್ಡಿ ತೋಳಿಗೆ ಒಬ್ಬರು ಪಟ್ಟಿ ಸುತ್ತಿ ಕಲಿತೆವು. ಇಪ್ಪತ್ತು ವರ್ಷ ಮೂಟೆ ಎತ್ತಿದ ತೋಳು ಹೇಗಿರುತ್ತದೆಂದು ಸಮಾನತೆಯವರ್ಯಾರೂ ಯೋಚಿಸಿರಲಿಲ್ಲ.

ಆಸ್ಪತ್ರೆಯ ನರ್ಸಕ್ಕನ ಕಾಲು ಹಿಡಿದು ದೊಡ್ಡ ಪಟ್ಟಿ ತಂದೆ. ನೂರ ಇಪ್ಪತ್ತಾರು, ಎಂಬತ್ತು. ಮೂರು ಸಲ ನೋಡಿದರೂ ಅಷ್ಟೇ. ಬೀದಿಯವರನ್ನೆಲ್ಲ ಮತ್ತೆ ನೋಡಿದೆವು. ಎಪ್ಪತ್ತೊಂದರಲ್ಲಿ ನಿಜವಾಗಿ ಬಿಪಿ ಇದ್ದವರು ಹದಿನಾಲ್ಕು ಜನ.

ಹೊಸ ಚೀಟಿ ನೋಡಿ ಮೇಸ್ತ್ರಿ ನಕ್ಕ. “ತಿದ್ದಿ ತಂದ್ರೆ ನಾನು ನಂಬಬೇಕಾ? ತಪ್ಪು ನಮ್ದೇ ಅಂತ ಕಾಲೇಜಿನ ಸೀಲು ಹಾಕಿ ಬರ್ಕೊಡಿ.”

ಮೇಡಂ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಮೇಸ್ತ್ರಿಗೆ ಬರೆದ್ರೆ ಇಲಾಖೆಗೂ ಬರೀಬೇಕು. ಮರುವಾರ ವ್ಯಾನು ನಿಲ್ಲುತ್ತೆ. ಡಬ್ಬಲ್ ಮೂಟೆ ತಾಯಿ ಕಾಲು ನೋಡಿದೀಯಾ?”

ನೋಡಿದ್ದೆ. ವರ್ಷದಿಂದ ಮಾಯದೆ ಅಂಗೈ ಅಗಲ ಇದ್ದ ಹುಣ್ಣು, ವ್ಯಾನಿನ ನರ್ಸು ವಾರವಾರ ತೊಳೆದು ಕಟ್ಟಿದ್ದರಿಂದ ಅಂಗಿಯ ಗುಂಡಿಯಷ್ಟಾಗಿತ್ತು. ಮಗನಿಗೆ ಕೆಲಸ ಕೊಡಿಸಿದರೆ ತಾಯಿಯ ಕಾಲು ಹೋಗುತ್ತದೆ. ಎತ್ತ ಹೋದರೂ ತಪ್ಪು ನನ್ನದೇ. ಅವರ ಮನೆಗೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಬರೀಬೇಡಮ್ಮ,” ಎಂದ ಡಬ್ಬಲ್ ಮೂಟೆ. “ನಾನು ಬೀರು ಎತ್ಕೊಂಡಿರ್ತೀನಿ.”

“ಬಾಯ್ಮುಚ್ಚೋ,” ಎಂದಳು ಮಂಚದ ಮೇಲಿದ್ದ ಅಜ್ಜಿ, ಅವನ ತಾಯಿ. “ಬರಿ ತಾಯಿ. ನಮ್ಮ ಬೀದೀಲಿ ಕಾಯಿಲೆಗೇನು ಬರಗಾಲವಾ? ಸೊಂಟ, ಮಂಡಿ, ಕಣ್ಣು! ಅಷ್ಟೊಂದು ಪ್ರಶ್ನೆ ಕೇಳಿದ್ರಲ್ಲ, ಎಲ್ಲಿ ನೋಯುತ್ತೆ ಅಂತ ಒಂದು ಸಲ ಕೇಳಿದ್ರಾ? ಇರೋದನ್ನ ಬಿಟ್ಟು ಇಲ್ದಿರೋದನ್ನ ಕಂಡುಹಿಡಿದ್ರಿ.”

ಬರೆದೆ. ಅಜ್ಜಿ ಹೇಳಿದ ಕಾಯಿಲೆಗಳನ್ನೂ ಆ ಹದಿನಾಲ್ಕು ಜನರ ವಿಷಯವನ್ನೂ ಸೇರಿಸಿದೆ. ಮೇಡಂ ನನ್ನ ಮುಖ ನೋಡದೆ ಸಹಿ ಹಾಕಿದರು. ಇಲಾಖೆ ಮೊದಲ ಪ್ಯಾರಾ ಮಾತ್ರ ಓದಿರಬೇಕು. ಸೋಮವಾರ ಡಬ್ಬಲ್ ಮೂಟೆ ಕೆಲಸಕ್ಕೆ ಹೋದ. ಮಂಗಳವಾರ ವ್ಯಾನು ಬರಲಿಲ್ಲ.

ಪಂಡಿತನಿಗೆ ಸರಿಯಾಗಿ ಅವತ್ತೇ ಜ್ವರ ಬಂತು. ನಾನೊಬ್ಬಳೇ ಬೀದಿಗೆ ಹೋದೆ. ವ್ಯಾನಿಗೆ ಕಾಯುತ್ತಾ ಸಾಲಿನಲ್ಲಿ ಮೂವತ್ತು ಜನ ನಿಂತಿದ್ದರು. ವ್ಯಾನು ಯಾಕೆ ಬರುವುದಿಲ್ಲ, ತಪ್ಪು ಯಾರದು ಎಂದು ಎದುರಿಗೆ ನಿಂತು ಹೇಳಿದೆ. ಬೈದರು. ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ಸರಿಸಮವಾಗಿ ಬೈದರು. ನಾನು ಕಂಡ ಸಮಾನತೆ ಅದೊಂದೇ. ನಾಚಿಕೆಯಿಂದ ಭೂಮಿಗಿಳಿದುಹೋಗಿದ್ದೆ. ಆಸ್ಪತ್ರೆಯ ನರ್ಸಕ್ಕನ ಹತ್ತಿರ ಎರಡು ದಿನ ಕೂತು ಗಾಯ ಕಟ್ಟುವುದನ್ನು ಕಲಿತಿದ್ದೆ, ಬ್ಯಾಗಿನಲ್ಲಿ ಹತ್ತಿ, ಬ್ಯಾಂಡೇಜು ಇತ್ತು. ತೆಗೆಯಲು ಧೈರ್ಯವಾಗಲಿಲ್ಲ.

ಸಾಲಿನ ಮುಂದೆ ಸ್ಟೂಲಿನ ಮೇಲಿದ್ದ ಅಜ್ಜಿ ಕೋಲು ಕುಟ್ಟಿದಳು. ಎಲ್ಲರೂ ಸುಮ್ಮನಾದರು.

“ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಾರೆ. ಇವಳ ಮಾತು ಕೇಳಿ ಎರಡು ತಿಂಗಳು ಉಪ್ಪಿನ ಡಬ್ಬಿ ಮುಟ್ಟಿಲ್ಲ ನಾನು. ಈಗ ನೀರೂ ನಾನೇ ಕುಡೀಬೇಕಾ?”

ಎಲ್ಲರೂ ನಕ್ಕರು. ನನಗೆ ಅಳು ಬಂತು.

“ಅಳೋದು ಆಮೇಲೆ,” ಎಂದು ಅಜ್ಜಿ ಕಾಲನ್ನು ನನ್ನ ಮುಂದೆ ಚಾಚಿದಳು. “ಕಟ್ಟು. ವ್ಯಾನ್ ಬರೋವರೆಗೂ ವಾರವಾರ ನೀನೇ ಬರ್ಬೇಕು.”

ನೆಲದ ಮೇಲೆ ಕೂತು ಕಟ್ಟಿದೆ. ಸಡಿಲವಾಯಿತು. ಬಿಚ್ಚಿಸಿ, ಮತ್ತೆ ಕಟ್ಟಿಸಿದಳು.